ಔಟ್‌ಬೋರ್ಡ್ ಇಂಜಿನ್ ಫ್ಲಶ್ ಮಾಡುವುದು: ಮೊದಲು ನೀರು, ಆಮೇಲೆ ಇಂಜಿನ್

ದೋಣಿಯ ಹಿಂಬದಿಯ ಹಲಗೆಗೆ ಕ್ಲ್ಯಾಂಪ್ ಬಿಗಿದು ನಿಲ್ಲಿಸುವ ಇಂಜಿನ್ನೇ ಔಟ್‌ಬೋರ್ಡ್. ನಮ್ಮ ಕರಾವಳಿಯಲ್ಲಿ ಇದು ಬಹಳ ವರ್ಷ ನಾಡದೋಣಿಯವರ ಸಾಮಾನು ಮಾತ್ರ ಆಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆಲ್ಲ ರಜೆ ಇದ್ದಾಗಲೂ 10 ಎಚ್‌ಪಿವರೆಗಿನ ಇಂಜಿನ್ ಕಟ್ಟಿದ ನಾಡದೋಣಿಗಳು ಕಡಲಿಗೆ ಇಳಿಯಬಹುದು. ಹಾಗಾಗಿ ಅವರ ಮನೆಯಂಗಳದಲ್ಲಿ ಈ ಇಂಜಿನ್ ವರ್ಷವಿಡೀ ಕಾಣುತ್ತದೆ. ಈಗ ಬೇರೆಯವರ ಕೈಗೂ ಬಂದಿದೆ. ಹೊನ್ನಾವರದಲ್ಲಿ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರನ್ನು ಸುತ್ತಾಡಿಸುವವರು, ಹೊಳೆ ದಂಡೆಯಲ್ಲಿ ಹೋಮ್‌ಸ್ಟೇ ಇಟ್ಟವರು, ಭಾನುವಾರ ಗಾಳ ಹಾಕಲು ಹೋಗುವ ಹವ್ಯಾಸಿಗಳು. ಸೀಮೆಎಣ್ಣೆ ಇಂಜಿನ್ ಬಿಟ್ಟು ಹೊಸ ಪೆಟ್ರೋಲ್ ಇಂಜಿನ್ ತಗೊಂಡವರೂ ಇದ್ದಾರೆ.

ಇವರಿಗೆಲ್ಲ ಕೊಳ್ಳುವಾಗ ಸಿಗುವ ಸಲಹೆ ಒಂದೇ. ‘ಬಂದ ಮೇಲೆ ಸಿಹಿನೀರಲ್ಲಿ ಫ್ಲಶ್ ಮಾಡಿ.’ ಅಂದರೆ ಇಂಜಿನ್ನಿನೊಳಗೆ ಸಿಹಿನೀರು ಹರಿಸಿ ಕಡಲ ಉಪ್ಪನ್ನು ತೊಳೆಯಿರಿ ಅಂತ. ಅಷ್ಟು ಹೇಳಿ ಬಿಲ್ ಕೊಡುತ್ತಾರೆ. ಎಲ್ಲಿಗೆ ಪೈಪ್ ಹಾಕಬೇಕು, ಇಂಜಿನ್ ಚಾಲೂ ಇರಬೇಕಾ ಬೇಡವಾ, ಎಷ್ಟು ಹೊತ್ತು, ಯಾವ ನೀರು? ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ತಪ್ಪು ಕ್ರಮದಲ್ಲಿ ಫ್ಲಶ್ ಮಾಡಿದರೆ ಇಂಜಿನ್ ಉಳಿಸಲು ಹೋಗಿ ಅದರ ಪಂಪನ್ನೇ ಸುಟ್ಟ ಹಾಗಾಗುತ್ತದೆ. ಪ್ರೊಪೆಲ್ಲರ್ ಹತ್ತಿರ ಕೈಯಿಟ್ಟರೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ಇಂಜಿನ್ ತಣ್ಣಗಾಗುವುದು ಹೇಗೆ

ಹೆಚ್ಚಿನ ಬೈಕುಗಳ ಇಂಜಿನ್ ಗಾಳಿಯಿಂದ ತಣ್ಣಗಾಗುತ್ತದೆ. ಕಾರಿಗೆ ರೇಡಿಯೇಟರ್ ಇದೆ, ಅದರೊಳಗೆ ಒಂದೇ ನೀರು ಸುತ್ತುತ್ತಾ ಇರುತ್ತದೆ. ಔಟ್‌ಬೋರ್ಡ್‌ನಲ್ಲಿ ಇವೆರಡೂ ಇಲ್ಲ. ಸುತ್ತ ಬೇಕಾದಷ್ಟು ನೀರಿರುವಾಗ ರೇಡಿಯೇಟರ್ ಯಾಕೆ ಅಂತ ತಯಾರಕರು ಕಡಲ ನೀರನ್ನೇ ನೇರವಾಗಿ ಒಳಗೆಳೆದು, ಇಂಜಿನ್ ಸುತ್ತ ಹರಿಸಿ, ಮತ್ತೆ ಕಡಲಿಗೇ ಬಿಡುವ ವ್ಯವಸ್ಥೆ ಮಾಡಿದ್ದಾರೆ.

ನೀರಿನ ದಾರಿ ಹೀಗಿದೆ. ಇಂಜಿನ್ನಿನ ಕೆಳಭಾಗ, ಅಂದರೆ ನೀರಿನಲ್ಲಿ ಮುಳುಗಿರುವ ಕಾಲು, ಅದರ ಎರಡೂ ಬದಿಗೆ ಸಾಮಾನ್ಯವಾಗಿ ಸಣ್ಣ ಜಾಲರಿ ಇರುತ್ತದೆ. ನೀರು ಅಲ್ಲಿಂದ ಒಳಗೆ ಬರುತ್ತದೆ. ಜಾಲರಿಯ ಮೇಲೆ ಒಂದು ಪುಟ್ಟ ಪಂಪ್. ಅದು ನೀರನ್ನು ಒಂದು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಮೇಲೆ ಸಿಲಿಂಡರಿನ ಸುತ್ತ ಬೆರಳು ತೂರದಷ್ಟು ಸಣ್ಣ ಸಣ್ಣ ಓಣಿಗಳಿವೆ. ನೀರು ಅವುಗಳಲ್ಲಿ ಹರಿದು, ಬಿಸಿಯನ್ನು ಹೊತ್ತುಕೊಂಡು ಕೆಳಗಿಳಿದು, ಹೊಗೆಯ ಜೊತೆ ಹೊರಬೀಳುತ್ತದೆ. ಅದರಲ್ಲಿ ಒಂದು ಚೂರು ನೀರು ಮಾತ್ರ ಇಂಜಿನ್ನಿನ ಪಕ್ಕದ ತೂತಿನಿಂದ ಸಣ್ಣ ಎಳೆಯಾಗಿ ಚಿಮ್ಮುತ್ತದೆ. ಕೈಪಿಡಿಗಳಲ್ಲಿ ಇದಕ್ಕೆ ಟೆಲ್‌ಟೇಲ್ ಅಂತಲೋ ಪೈಲಟ್ ಹೋಲ್ ಅಂತಲೋ ಬರೆದಿರುತ್ತಾರೆ. ಒಳಗೆ ನೀರು ಓಡುತ್ತಿದೆ ಅನ್ನುವುದಕ್ಕೆ ಹೊರಗಿನಿಂದ ಕಾಣುವ ಸಾಕ್ಷಿ ಅದು. ಚಿಕ್ಕ ಇಂಜಿನ್‌ಗಳಲ್ಲಿ ಎಷ್ಟೋ ಸಲ ಅದೊಂದೇ ಸಾಕ್ಷಿ.

ಕೆಲವು ಇಂಜಿನ್‌ಗಳಲ್ಲಿ ಈ ದಾರಿಯ ಮಧ್ಯೆ ಥರ್ಮೋಸ್ಟಾಟ್ ಅನ್ನುವ ಬಾಗಿಲು ಇರುತ್ತದೆ. ಇಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತದೆ, ಬಿಸಿಯಾದ ಮೇಲೆ ತೆರೆಯುತ್ತದೆ. ಈ ಬಾಗಿಲಿನ ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ಒಳಗೆ ಉಳಿದ ಉಪ್ಪು ಏನು ಮಾಡುತ್ತದೆ

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಇಂಜಿನ್ ಓಡುತ್ತಿರುವಷ್ಟು ಹೊತ್ತು ತೊಂದರೆ ಕಡಿಮೆ. ಹೊಸ ನೀರು ಬರುತ್ತಾ ಹಳೆಯದು ಹೋಗುತ್ತಾ ಇರುತ್ತದೆ. ಅಸಲಿ ತೊಂದರೆ ಶುರುವಾಗುವುದು ದಡಕ್ಕೆ ಬಂದು ಇಂಜಿನ್ ಆಫ್ ಮಾಡಿದ ಮೇಲೆ. ನೀರು ಬಸಿದು ಹೋದರೂ ಓಣಿಗಳ ಗೋಡೆಗೆ ತೆಳುವಾಗಿ ಒಂದಿಷ್ಟು ಅಂಟಿಕೊಂಡೇ ಇರುತ್ತದೆ. ಲೋಹ ಇನ್ನೂ ಬಿಸಿ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ನೀರು ಕಟ್ಟಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಾರಲ್ವಾ, ಅದೇ ಕೆಲಸ ಇಂಜಿನ್ನಿನ ಹೊಟ್ಟೆಯೊಳಗೆ ನಡೆಯುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪನ್ನು ಎಳೆದು ರಾಶಿ ಹಾಕಲು ಜನ ಇದ್ದಾರೆ, ಇಲ್ಲಿ ಯಾರೂ ಇಲ್ಲ.

ಇಲ್ಲಿ ಎರಡು ಬಗೆಯ ಕೊಳೆಯನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಅಡುಗೆಗೆ ಹಾಕುವ ಉಪ್ಪೇ. ಅದು ಸಿಹಿನೀರು ಸೋಕಿದರೆ ಕರಗಿ ಹೋಗುತ್ತದೆ. ಇನ್ನೊಂದು ಸುಣ್ಣದ ಜಾತಿಯದು. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಕೂಡ ಇದೆ, ಮತ್ತು ಅದರ ಲವಣಗಳ ಸ್ವಭಾವ ಸ್ವಲ್ಪ ಉಲ್ಟಾ. ನೀರು ಬಿಸಿಯಾದಷ್ಟೂ ಅವು ಕರಗಿ ಇರಲಾರದೆ ಗೋಡೆಗೆ ಗಟ್ಟಿಯಾಗಿ ಕೂರುತ್ತವೆ. ಈ ಪದರ ಒಮ್ಮೆ ಕೂತರೆ ಬರೀ ನೀರಿಗೆ ಬಿಡುವುದಿಲ್ಲ. ಆದ್ದರಿಂದಲೇ ‘ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ತೊಳೆದರಾಯ್ತು’ ಅನ್ನುವ ಲೆಕ್ಕ ಸರಿಹೋಗುವುದಿಲ್ಲ. ಉಪ್ಪು ಆರುವ ಮೊದಲೇ ತೊಳೆದರೆ ಹತ್ತು ನಿಮಿಷದ ನೀರು ಸಾಕು. ಗಟ್ಟಿಯಾದ ಮೇಲೆ ಮೆಕ್ಯಾನಿಕ್ ಬಿಚ್ಚಬೇಕು.

ಇದರ ಮೇಲೆ ಅಲ್ಯೂಮಿನಿಯಂ ತುಕ್ಕು ಬೇರೆ. ಇಂಜಿನ್ನಿನ ಮೈ ಅಲ್ಯೂಮಿನಿಯಂ ಮಿಶ್ರಲೋಹ. ತುಕ್ಕು ಹಿಡಿಯಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಕಬ್ಬಿಣದ ಹಾಗೆ ಕೆಂಪಗೆ ಆಗುವುದಿಲ್ಲ ಅಷ್ಟೇ. ಉಪ್ಪು ಕೂತ ಕಡೆ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಬಿಳಿ ಪುಡಿ ಏಳುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ತಿನ್ನುವುದರಿಂದ ಸಣ್ಣ ಓಣಿ ಇನ್ನೂ ಸಣ್ಣದಾಗುತ್ತದೆ, ಥರ್ಮೋಸ್ಟಾಟ್ ಅಂಟಿಕೊಳ್ಳುತ್ತದೆ, ಸ್ಟೀಲ್ ಬೋಲ್ಟುಗಳು ತಿರುಗದಷ್ಟು ಹಿಡಿದುಕೊಳ್ಳುತ್ತವೆ. ಕೊನೆಗೆ ಒಂದು ದಿನ ದಡದಿಂದ ದೂರದಲ್ಲಿ ಇಂಜಿನ್ ಕಾದು ನಿಲ್ಲುತ್ತದೆ.

ಎಲ್ಲ ನಿಯಮಕ್ಕೂ ಕಾರಣ ಒಂದು ರಬ್ಬರ್ ಚಕ್ರ

ಕೆಳಗಿನ ಪಂಪಿನೊಳಗೆ ಇಂಪೆಲ್ಲರ್ ಅನ್ನುವ ರಬ್ಬರ್ ಚಕ್ರ ಇದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಸುತ್ತಲೂ ಬಾಗುವ ರೆಕ್ಕೆಗಳು, ಹೆಚ್ಚಾಗಿ ಆರು. ಅದು ಕೂತಿರುವ ಗೂಡು ಸರಿಯಾಗಿ ಮಧ್ಯಕ್ಕಿಲ್ಲ, ಬೇಕೆಂದೇ ಒಂದು ಬದಿಗೆ ಸರಿಸಿ ಮಾಡಿರುತ್ತಾರೆ. ಒಂದು ಕಡೆ ರೆಕ್ಕೆ ಬಿಡಿಸಿಕೊಳ್ಳುತ್ತದೆ, ನೀರು ತುಂಬುತ್ತದೆ. ಇನ್ನೊಂದು ಕಡೆ ರೆಕ್ಕೆ ಒತ್ತಿ ಮಡಚಿಕೊಳ್ಳುತ್ತದೆ, ನೀರು ಹೊರಗೆ ದೂಡಲ್ಪಡುತ್ತದೆ. ಇಷ್ಟೇ ಪಂಪು.

ರೆಕ್ಕೆಗಳು ಸದಾ ಗೋಡೆಗೆ ಉಜ್ಜುತ್ತಲೇ ಇರುತ್ತವೆ. ಆ ಉಜ್ಜಾಟಕ್ಕೆ ಎಣ್ಣೆ ಇಲ್ಲ, ಗ್ರೀಸ್ ಇಲ್ಲ. ಒಳಗೆ ಬರುವ ನೀರೇ ಜಾರಿಕೆ, ನೀರೇ ತಂಪು. ನೀರಿಲ್ಲದೆ ತಿರುಗಿದರೆ ರಬ್ಬರ್ ಕೆಲವೇ ಸೆಕೆಂಡುಗಳಲ್ಲಿ ಬಿಸಿಯಾಗುತ್ತದೆ, ಅರ್ಧ-ಒಂದು ನಿಮಿಷದೊಳಗೆ ಹಾಳಾಗಬಹುದು. ತುದಿ ಸವೆಯುತ್ತದೆ, ರೆಕ್ಕೆ ಬಿರಿಯುತ್ತದೆ, ಕೆಲವು ಸಲ ಕಿತ್ತೇ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ಇಂಪೆಲ್ಲರ್ ಕೂತಿರುವುದು ಇಂಜಿನ್ನಿನಿಂದ ನೇರವಾಗಿ ಕೆಳಗಿಳಿಯುವ ಶಾಫ್ಟಿನ ಮೇಲೆ. ಗೇರು ಅದಕ್ಕಿಂತ ಕೆಳಗಿದೆ. ಹಾಗಾಗಿ ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ನಿಂತಿದ್ದರೂ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ‘ಸುಮ್ನೆ ಒಂದ್ಸಲ ಸ್ಟಾರ್ಟ್ ಆಗುತ್ತಾ ನೋಡೋಣ’ ಅಂತ ಅಂಗಳದಲ್ಲಿ ಒಣ ಇಂಜಿನ್ನಿನ ಹಗ್ಗ ಎಳೆದು ಗುರ್ರೆನ್ನಿಸುವ ಅಭ್ಯಾಸ ಬಹಳ ಜನಕ್ಕಿದೆ. ಬೈಕಿಗೆ ಅದು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಮುಂದಿನ ಎಲ್ಲ ವಿಧಾನದಲ್ಲೂ ಬರುವ ಕ್ರಮ ಹುಟ್ಟಿದ್ದು ಇಲ್ಲಿಂದಲೇ. ಇಂಜಿನ್ ಚಾಲೂ ಮಾಡುವುದಿದ್ದರೆ ಮೊದಲು ನೀರು ಬಿಡಬೇಕು, ಆಮೇಲೆ ಸ್ಟಾರ್ಟ್. ಮುಗಿದ ಮೇಲೆ ಮೊದಲು ಇಂಜಿನ್ ಆಫ್, ಆಮೇಲೆ ನಲ್ಲಿ ಬಂದ್.

ಇಂಜಿನ್ನಿನಲ್ಲೇ ಪೈಪ್ ಹಾಕುವ ಜಾಗ ಇದ್ದರೆ

ಈಚಿನ ಎಷ್ಟೋ ಇಂಜಿನ್‌ಗಳಲ್ಲಿ, ಅದರಲ್ಲೂ ಫೋರ್‌ಸ್ಟ್ರೋಕ್ ಪೆಟ್ರೋಲ್ ಇಂಜಿನ್‌ಗಳಲ್ಲಿ, ಹೂದೋಟದ ಪೈಪು ಜೋಡಿಸುವ ಕನೆಕ್ಟರ್ ಇರುತ್ತದೆ. ಇದಕ್ಕೆ ಫ್ಲಶ್ ಪೋರ್ಟ್ ಅನ್ನುತ್ತಾರೆ. ಚಿಕ್ಕ ಇಂಜಿನ್‌ಗಳಲ್ಲಿ ಅದರ ಬದಲು ಒಂದು ಸ್ಕ್ರೂ ಇರಬಹುದು. ಅದನ್ನು ಬಿಚ್ಚಿ, ಬೇರೆಯಾಗಿ ಸಿಗುವ ಅಡಾಪ್ಟರ್ ತಿರುಗಿಸಿ ಪೈಪ್ ಹಾಕಬೇಕು.

ಈ ವಿಧಾನದಲ್ಲಿ ಸಾಮಾನ್ಯ ನಿಯಮ ಅಂದರೆ ಇಂಜಿನ್ ಆಫ್ ಇರಬೇಕು. ಕಾರಣ ಸರಳ. ಪೋರ್ಟಿನಿಂದ ಬಿಟ್ಟ ನೀರು ಮೇಲಿನಿಂದ ಒಳಗೆ ಹೋಗಿ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಜಾಲರಿ ಮಾತ್ರ ಗಾಳಿಯಲ್ಲೇ ಇದೆ. ಇಂಜಿನ್ ಚಾಲೂ ಮಾಡಿದರೆ ಪಂಪಿಗೆ ಸಾಕಷ್ಟು ನೀರು ಸಿಗದೆ ಇಂಪೆಲ್ಲರ್ ಒಣಗುತ್ತದೆ. ಟೆಲ್‌ಟೇಲ್‌ನಲ್ಲಿ ನೀರು ಬರುತ್ತಿದ್ದರೂ ಅದು ನಲ್ಲಿಯ ಒತ್ತಡದ ನೀರು, ಪಂಪು ತಳ್ಳಿದ್ದಲ್ಲ. ಕೆಲವು ತಯಾರಕರ ಕೆಲವು ಮಾಡೆಲ್‌ಗಳಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡೇ ಪೋರ್ಟ್ ಬಳಸಬಹುದು ಅಂತ ಕೈಪಿಡಿಯಲ್ಲಿ ಇದೆ. ನಿಮ್ಮ ಕೈಪಿಡಿ ಹಾಗೆ ಬಾಯಿಬಿಟ್ಟು ಹೇಳದಿದ್ದರೆ ಆಫ್ ಅಂತಲೇ ತಿಳಿಯಿರಿ. ಯೂಟ್ಯೂಬ್‌ನಲ್ಲಿ ಬೇರೆ ಯಾರದ್ದೋ ಬೇರೆ ಇಂಜಿನ್ ನೋಡಿ ಅನುಕರಿಸುವುದು ಬೇಡ.

ಇಂಜಿನ್ನನ್ನು ನೆಟ್ಟಗೆ ನಿಲ್ಲಿಸಿ, ಪೈಪ್ ಹಾಕಿ, ಹತ್ತು-ಹದಿನೈದು ನಿಮಿಷ ನೀರು ಬಿಟ್ಟರೆ ಕೆಲಸ ಮುಗಿಯಿತು. ಪ್ರೊಪೆಲ್ಲರ್ ತಿರುಗುವುದಿಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಹೊಸಬರಿಗೆ ನನ್ನ ಆಯ್ಕೆ ಇದೇ. ಒಂದೇ ಎಚ್ಚರ: ಮುಗಿದ ಮೇಲೆ ಕನೆಕ್ಟರನ್ನು ಮೊದಲಿದ್ದ ಜಾಗಕ್ಕೆ ಹಾಕಿ ಪೂರ್ತಿ ಬಿಗಿಯಬೇಕು. ಅದು ಸಡಿಲ ಉಳಿದರೆ ಮರುದಿನ ಕಡಲಿನಲ್ಲಿ ತಂಪು ಮಾಡಬೇಕಾದ ನೀರು ಅಲ್ಲಿಂದಲೇ ಸೋರಿ ಹೋಗಿ ಇಂಜಿನ್ ಕಾಯುತ್ತದೆ.

ಮಫ್ ಹಾಕಿ ಇಂಜಿನ್ ಚಾಲೂ ಮಾಡುವುದು

ಪೋರ್ಟ್ ಇಲ್ಲದವರಿಗೆ, ಅಥವಾ ಪಂಪಿನ ಸಮೇತ ಇಡೀ ದಾರಿಯನ್ನು ತೊಳೆಯಬೇಕು ಅನ್ನುವವರಿಗೆ ಇನ್ನೊಂದು ಉಪಾಯ ಮಫ್. ಎರಡು ರಬ್ಬರ್ ಬಟ್ಟಲು, ನಡುವೆ ಅವನ್ನು ಒತ್ತಿ ಹಿಡಿಯುವ ಕಂಬಿ, ಒಂದು ಬಟ್ಟಲಿಗೆ ಪೈಪ್ ಹಾಕುವ ಮೂತಿ. ಇದನ್ನು ಮುಂದಿನಿಂದ ತೂರಿಸಿ ಎರಡೂ ಬದಿಯ ಜಾಲರಿ ಮೇಲೆ ಕೂರಿಸಬೇಕು. ಎಲ್ಲ ಇಂಜಿನ್ನಿನ ಜಾಲರಿಯೂ ಬದಿಯಲ್ಲೇ ಇರುವುದಿಲ್ಲ, ಕೆಲವದರಲ್ಲಿ ಪ್ರೊಪೆಲ್ಲರ್ ಮೇಲಿನ ಅಡ್ಡ ಹಲಗೆಯ ಕೆಳಗೂ ಇರುತ್ತದೆ. ಅಂಥದ್ದಕ್ಕೆ ಮಫ್ ಸರಿಹೊಂದದಿದ್ದರೆ ಅದನ್ನು ಬಿಟ್ಟು ಡ್ರಮ್ ಹಿಡಿಯಿರಿ.

ನಮ್ಮ ಕಡೆ ಮಫ್‌ಗೆ ಇನ್ನೊಂದು ತೊಡಕಿದೆ, ಅದು ನೀರಿನ ಒತ್ತಡ. ಒಂದಂತಸ್ತಿನ ಮನೆಯ ಮೇಲಿನ ಟ್ಯಾಂಕಿನಿಂದ ಬರುವ ನೀರಿಗೆ ಜೋರು ಅಷ್ಟಿರುವುದಿಲ್ಲ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ ಒಂದು ಬಾರ್ ಒತ್ತಡ. ಟ್ಯಾಂಕು ನಾಲ್ಕೈದು ಮೀಟರ್ ಎತ್ತರದಲ್ಲಿದ್ದರೆ ಅದರ ಅರ್ಧವೂ ಸಿಗುವುದು ಕಷ್ಟ, ಜೊತೆಗೆ ಉದ್ದ ಪೈಪು, ಸಣ್ಣ ನಲ್ಲಿ. ಸಾಕಾಗುತ್ತಾ ಅಂತ ತಿಳಿಯುವುದು ಹೇಗೆ? ಮೊದಲು ನೀರು ಬಿಟ್ಟು ಬಟ್ಟಲಿನ ಅಂಚು ನೋಡಿ. ಅಂಚಿನಿಂದ ಸುತ್ತಲೂ ನೀರು ಉಕ್ಕಿ ಚೆಲ್ಲುತ್ತಿರಬೇಕು. ಇಂಜಿನ್ ಚಾಲೂ ಆದ ಮೇಲೂ ಸ್ವಲ್ಪ ಚೆಲ್ಲುತ್ತಲೇ ಇರಬೇಕು. ಚೆಲ್ಲುವುದು ನಿಂತು ಬಟ್ಟಲು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತಿದ್ದರೆ ಪಂಪು ಕೇಳುವಷ್ಟು ನೀರು ಬರುತ್ತಿಲ್ಲ ಅಂತ ಅರ್ಥ. ತಕ್ಷಣ ಆಫ್ ಮಾಡಿ.

ಚಾಲೂ ಮಾಡುವ ಮೊದಲು ನ್ಯೂಟ್ರಲ್ ನೋಡಿಕೊಳ್ಳಿ. ಪ್ರೊಪೆಲ್ಲರ್ ಬಿಚ್ಚಿಡುವುದು ಎಲ್ಲಕ್ಕಿಂತ ಒಳ್ಳೆಯದು. ಚಿಕ್ಕ ಇಂಜಿನ್ನಿಗೆ ಅದು ಒಂದು ಪಿನ್ ಬಿಡಿಸಿ ನಟ್ ತೆಗೆಯುವಷ್ಟರ ಕೆಲಸ. ನ್ಯೂಟ್ರಲ್‌ನಲ್ಲಿದ್ದರೂ ಗೇರ್ ಎಣ್ಣೆಯ ಎಳೆತಕ್ಕೆ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗುವುದುಂಟು, ಮತ್ತು ಯಾರದ್ದೋ ಮೊಣಕೈ ತಾಗಿ ಗೇರ್ ಬೀಳುವುದಕ್ಕೆ ಒಂದು ಕ್ಷಣ ಸಾಕು. ಮಫ್ ಜಾರಿತು ಅಂತ ಇಂಜಿನ್ ಓಡುತ್ತಿರುವಾಗಲೇ ಬಗ್ಗಿ ಸರಿಪಡಿಸಲು ಹೋಗುವಾಗ ಅಪಾಯ ಜಾಸ್ತಿ. ಮೊದಲು ಆಫ್, ಆಮೇಲೆ ಕೈ. ಲುಂಗಿ ಇಳಿಬಿಟ್ಟುಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತಿರ ನಿಲ್ಲಬೇಡಿ. ಮಕ್ಕಳನ್ನು ದೂರ ಕಳಿಸಿ. ಸ್ವಿಚ್ಚಿಗೆ ಸಿಕ್ಕಿಸಿರುವ ಕೆಂಪು ಸುರುಳಿ ದಾರದ ಇನ್ನೊಂದು ತುದಿ ನಿಮ್ಮ ಮಣಿಕಟ್ಟಿನಲ್ಲಿರಲಿ. ಎಳೆದರೆ ಇಂಜಿನ್ ನಿಲ್ಲುತ್ತದೆ. ಕಡಲಲ್ಲಿ ಬೀಳುವವರಿಗೆ ಮಾತ್ರ ಅಲ್ಲ ಅದು, ಅಂಗಳದಲ್ಲೂ ಬೇಕು.

ಇಂಜಿನ್ ಓಡಬೇಕಾದ್ದು ಐಡಲ್‌ನಲ್ಲಿ ಮಾತ್ರ, ಅಂದರೆ ಎಕ್ಸಲರೇಟರ್ ತಿರುಗಿಸದೆ. ಪ್ರೊಪೆಲ್ಲರ್‌ಗೆ ನೀರಿನ ಹೊರೆ ಇಲ್ಲದಿರುವಾಗ ಸ್ವಲ್ಪ ತಿರುವಿದರೂ ಇಂಜಿನ್ ಹುಚ್ಚಾಪಟ್ಟೆ ವೇಗ ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಪಂಪು ಕೇಳುವ ನೀರೂ ಹೆಚ್ಚು, ನಲ್ಲಿ ಅಷ್ಟು ಕೊಡುವುದಿಲ್ಲ. ಥರ್ಮೋಸ್ಟಾಟ್ ಇರುವ ಇಂಜಿನ್ನಿಗೆ ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಅರ್ಧ ಕೆಲಸ. ಬಾಗಿಲು ತೆರೆಯುವಷ್ಟು ಬಿಸಿಯಾಗಿ, ಅದರಾಚೆಯ ಓಣಿಗಳಿಗೂ ಸಿಹಿನೀರು ಹೋಗಬೇಕು. ಹತ್ತು ನಿಮಿಷ ಕೊಡಿ. ಅಷ್ಟು ಹೊತ್ತೂ ಟೆಲ್‌ಟೇಲ್ ಮೇಲೆ ಕಣ್ಣಿಡಿ, ಫೋನ್ ಬಂತು ಅಂತ ಒಳಗೆ ಹೋಗಬೇಡಿ. ಚಿಮ್ಮುವ ನೀರಿಗೆ ಬೆರಳು ಹಿಡಿದರೆ ಬೆಚ್ಚಗಿರಬೇಕು, ಸುಡುತ್ತಿದ್ದರೆ ನಿಲ್ಲಿಸಿ.

ಹೊಗೆಯ ವಿಷಯ ಕೂಡ ಇಲ್ಲೇ ಹೇಳಬೇಕು. ನೀರಿನಲ್ಲಿದ್ದಾಗ ಹೊಗೆ ಪ್ರೊಪೆಲ್ಲರ್ ನಡುವಿನಿಂದ ನೀರೊಳಗೆ ಹೋಗುತ್ತದೆ. ದಡದಲ್ಲಿ ನೇರ ನಿಮ್ಮ ಮುಂದೆಯೇ ಬರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಮಳೆ ಬರುತ್ತಿದೆ ಅಂತ ಮೂರು ಕಡೆ ಟಾರ್ಪಾಲು ಕಟ್ಟಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಮಳೆ ನಿಲ್ಲುವವರೆಗೆ ಕಾಯಿರಿ, ಇಲ್ಲವೇ ಆಫ್ ಇಟ್ಟುಕೊಂಡೇ ತೊಳೆಯುವ ವಿಧಾನ ನೋಡಿ. ಪಕ್ಕದಲ್ಲಿ ಪೆಟ್ರೋಲ್ ಕ್ಯಾನು ತೆರೆದಿಟ್ಟು ಬೀಡಿ ಹಚ್ಚುವವರಿಗೆ ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸುವುದು

ಕರಾವಳಿಯಲ್ಲಿ ಸುಲಭವಾಗಿ ಒದಗುವುದು ಇದೇ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ಪಕ್ಕದಲ್ಲಿ ಇಂಜಿನ್ ಬಿಗಿಯಲು ಗಟ್ಟಿಯಾದ ಮರದ ಸ್ಟ್ಯಾಂಡು. ಇಂಜಿನ್ನನ್ನು ಡ್ರಮ್ಮಿನ ಅಂಚಿಗೇ ಕ್ಲ್ಯಾಂಪ್ ಮಾಡುವುದು ಬೇಡ. ಸುಮಾರು 10 ಎಚ್‌ಪಿಯ ಸಣ್ಣ ಇಂಜಿನ್ ಕೂಡ 35-40 ಕಿಲೋ ಆಸುಪಾಸು ತೂಗುತ್ತದೆ, ನಡುಗುತ್ತದೆ ಬೇರೆ, ಪ್ಲಾಸ್ಟಿಕ್ ಅಂಚು ತಡೆಯುವುದಿಲ್ಲ.

ನೀರು ಎಲ್ಲಿಯವರೆಗೆ ಬೇಕು? ಪ್ರೊಪೆಲ್ಲರ್ ಮೇಲ್ಗಡೆ ಒಂದು ಅಡ್ಡ ಹಲಗೆಯಿದೆಯಲ್ಲ, ಅದು ಪೂರ್ತಿ ಮುಳುಗಿ ಅದರ ಮೇಲೂ ಒಂದು ಗೇಣು ನೀರಿರಲಿ. ಆ ಮಟ್ಟಕ್ಕೆ ತುಂಬಿದರೆ ಜಾಲರಿಯೂ ಪಂಪೂ ಮುಳುಗಿರುತ್ತವೆ. ಇಲ್ಲೂ ಪ್ರೊಪೆಲ್ಲರ್ ತೆಗೆಯುವುದು ಒಳ್ಳೆಯದು. ಇದ್ದರೆ, ತಪ್ಪಿ ಗೇರ್ ಬಿದ್ದ ಕ್ಷಣ ಡ್ರಮ್ಮಿನ ನೀರೆಲ್ಲ ನಿಮ್ಮ ಮೇಲೆ, ಡ್ರಮ್ ಪಕ್ಕದ ಮನೆಯ ಅಂಗಳಕ್ಕೆ.

ಡ್ರಮ್ಮಿನ ವಿಧಾನದಲ್ಲಿ ಅನುಕೂಲ ಏನೆಂದರೆ ನಲ್ಲಿಯ ಒತ್ತಡದ ಚಿಂತೆ ಇಲ್ಲ. ತೊಂದರೆ ಎರಡು. ಹೊಗೆ ನೀರೊಳಗೇ ಬಿಡುವುದರಿಂದ ಕೆಲವು ನಿಮಿಷದಲ್ಲಿ ನೀರು ಗುಳ್ಳೆ ಗುಳ್ಳೆಯಾಗುತ್ತದೆ, ಬಿಸಿಯಾಗುತ್ತದೆ, ಮಟ್ಟ ಇಳಿಯುತ್ತದೆ. ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯತೊಡಗುತ್ತದೆ. ಆದ್ದರಿಂದ ಪೈಪ್ ಒಳಗೆ ಬಿಟ್ಟು, ಮೇಲಿನಿಂದ ಉಕ್ಕಿ ಹೋಗುವಂತೆ ಇಡುವುದು ಲೇಸು. ಎರಡನೆಯದು ಉಪ್ಪು. ಒಂದು ಇಂಜಿನ್ನಿನೊಳಗೆ ಉಳಿದ ಉಪ್ಪು ಅಷ್ಟು ನೀರಿಗೆ ಏನೂ ಅಲ್ಲ. ಆದರೆ ಅದೇ ನೀರಿನಲ್ಲಿ ವಾರವಿಡೀ, ನಾಲ್ಕು ದೋಣಿಯವರು ಸರದಿಯಲ್ಲಿ ತೊಳೆದರೆ ಅದು ಸಿಹಿನೀರಾಗಿ ಉಳಿಯುವುದಿಲ್ಲ. ಟೂ-ಸ್ಟ್ರೋಕ್ ಇಂಜಿನ್ನಾದರೆ ಮೇಲೆ ಎಣ್ಣೆ ಪದರವೂ ಕಟ್ಟುತ್ತದೆ. ಆ ನೀರನ್ನು ಬಾವಿ ಕಟ್ಟೆಯ ಪಕ್ಕ ಚೆಲ್ಲಬೇಡಿ, ನಮ್ಮ ಮರಳು ನೆಲದಲ್ಲಿ ಅದು ನೇರ ಬಾವಿಗೇ ಇಳಿಯುತ್ತದೆ.

ಸೀಮೆಎಣ್ಣೆ ಇಂಜಿನ್ ಇರುವವರಿಗೆ ಒಂದು ಮಾತು. ನಿಮಗೆ ಗೊತ್ತಿರುವ ಹಾಗೆ ಅದು ಶುರುವಾಗುವುದು ಪೆಟ್ರೋಲ್‌ನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಫ್ಲಶ್ ಮಾಡುವಾಗ ಪೂರ್ತಿ ಪೆಟ್ರೋಲ್‌ನಲ್ಲೇ ಓಡಿಸಿ. ಐಡಲ್‌ನಲ್ಲಿ ಸೀಮೆಎಣ್ಣೆ ಸರಿಯಾಗಿ ಉರಿಯದೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಮತ್ತು ಕಾರ್ಬುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಗ್ಗೆ ಹಗ್ಗ ಎಳೆದು ತೋಳು ಸೋಲುತ್ತದೆ.

ಯಾವ ನೀರು ಸಿಹಿನೀರು

ಬಾವಿ ನೀರು ಅಂದ ಮಾತ್ರಕ್ಕೆ ಸಿಹಿನೀರಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಅಳಿವೆ ಪಕ್ಕದ ಊರುಗಳ ಎಷ್ಟೋ ಬಾವಿಗಳು ಉಪ್ಪಾಗುತ್ತವೆ. ನಾಲಿಗೆಗೆ ಒಂದು ಹನಿ ಹಾಕಿ ನೋಡಿದರೆ ತಿಳಿಯುತ್ತದೆ, ಉಪಕರಣ ಬೇಡ. ಸ್ವಲ್ಪ ಉಪ್ಪು ತಾಗಿದ ನೀರಾದರೂ ಕಡಲ ನೀರಿಗಿಂತ ಎಷ್ಟೋ ವಾಸಿ. ಬೇರೆ ಗತಿ ಇಲ್ಲದಿದ್ದರೆ ಅದನ್ನೇ ಬಳಸಿ, ಒಳ್ಳೆಯ ನೀರು ಸಿಕ್ಕ ದಿನ ಇನ್ನೊಮ್ಮೆ ತೊಳೆಯಿರಿ.

‘ನಾವು ಹೊಳೆಗೆ ಬಂದು ಅರ್ಧ ಗಂಟೆ ಓಡಿಸುತ್ತೇವೆ, ಅದೇ ಫ್ಲಶ್’ ಅನ್ನುವವರೂ ಇದ್ದಾರೆ. ಜೋರು ಮಳೆಗಾಲದಲ್ಲಿ ಇದರಲ್ಲಿ ಹುರುಳಿದೆ. ಶರಾವತಿ, ಅಘನಾಶಿನಿಯಂಥ ಹೊಳೆಗಳು ತುಂಬಿ ಹರಿಯುವಾಗ ಅಳಿವೆಯ ಮೇಲ್ಪದರದ ನೀರು ಬಹುಪಾಲು ಸಿಹಿಯೇ. ಸಿಹಿನೀರು ಹಗುರ, ಉಪ್ಪುನೀರು ಭಾರ, ಹಾಗಾಗಿ ಉಪ್ಪು ಅಡಿಯಲ್ಲಿ ಉಳಿಯುತ್ತದೆ. ಆದರೆ ಆ ದಿನಗಳ ಹೊಳೆ ನೀರಿನ ತುಂಬ ಕೆಸರು ಮತ್ತು ನುಣ್ಣನೆ ಮರಳು, ಅದು ಇಂಪೆಲ್ಲರನ್ನು ಸಾಣೆ ಹಿಡಿದಂತೆ ಸವೆಸುತ್ತದೆ. ಬೇಸಿಗೆಯಲ್ಲಂತೂ ಉಬ್ಬರದ ಜೊತೆ ಉಪ್ಪುನೀರು ಹೊಳೆಯೊಳಗೆ ಬಹುದೂರ ಹತ್ತುತ್ತದೆ, ಆಗ ಹೊಳೆಯಲ್ಲಿ ಓಡಿಸಿದರೆ ಪೆಟ್ರೋಲ್ ದಂಡ, ಅಷ್ಟೇ.

ವಿನೆಗರ್, ನಿಂಬೆಹುಳಿ, ಅಂಗಡಿಯಲ್ಲಿ ಸಿಗುವ ಉಪ್ಪು ಕರಗಿಸುವ ದ್ರಾವಣ ಹಾಕಬಹುದಾ? ದಿನದ ಫ್ಲಶ್‌ಗೆ ಬೇಕಾಗಿಲ್ಲ. ಹುಳಿ ಸುಣ್ಣದ ಪದರವನ್ನು ಕರಗಿಸುತ್ತದೆ ನಿಜ, ಜಾಸ್ತಿ ಹೊತ್ತು ನಿಂತರೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಅದನ್ನು ತಿಳಿದವರ ಕೈಗೆ ಬಿಡಿ.

ನೀರಿನ ಎಳೆ ನಿಂತರೆ

ಓಡುತ್ತಿರುವ ಇಂಜಿನ್ನಿನ ಟೆಲ್‌ಟೇಲ್ ನಿಂತಿತು. ಮೊದಲ ಕೆಲಸ ಆಫ್ ಮಾಡುವುದು, ಯೋಚನೆ ಆಮೇಲೆ. ನಲ್ಲಿ ಬಂದಾಗಿದೆಯಾ, ಪೈಪ್ ಮಡಚಿದೆಯಾ, ಮಫ್ ಜಾರಿದೆಯಾ, ಜಾಲರಿಗೆ ಪ್ಲಾಸ್ಟಿಕ್ ಚೂರು ಅಂಟಿದೆಯಾ ನೋಡಿ. ಎಲ್ಲ ಸರಿಯಿದ್ದರೆ ತೂತನ್ನೇ ಪರೀಕ್ಷಿಸಿ. ಉಪ್ಪಿನ ಹರಳೋ ಮರಳಿನ ಕಣವೋ ಸಿಕ್ಕಿಕೊಂಡು ಒಳಗೆ ನೀರು ಓಡುತ್ತಿದ್ದರೂ ಹೊರಗೆ ಬಾರದಿರಬಹುದು. ಗಾಳಕ್ಕೆ ಕಟ್ಟುವ ದಪ್ಪ ನೈಲಾನ್ ದಾರ ತೂರಿಸಿ ಆಡಿಸಿದರೆ ಹೆಚ್ಚಿನ ಸಲ ಬಿಡುತ್ತದೆ. ಕಬ್ಬಿಣದ ತಂತಿ ಹಾಕಿ ಚುಚ್ಚಬೇಡಿ, ಒಳಗಿನ ರಬ್ಬರ್ ಕೊಳವೆ ತೂತಾಗುತ್ತದೆ.

ಆಮೇಲೂ ಬರದಿದ್ದರೆ ಇಂಪೆಲ್ಲರ್ ಹೋಗಿರಬಹುದು. ಬದಲಾಯಿಸುವ ಮೆಕ್ಯಾನಿಕ್‌ಗೆ ಹಳೆಯ ಚಕ್ರದ ರೆಕ್ಕೆಗಳನ್ನು ಎಣಿಸಲು ಹೇಳಿ. ಒಂದು ತುಂಡು ಕಡಿಮೆ ಇದ್ದರೆ ಅದು ಎಲ್ಲೂ ಮಾಯವಾಗಿಲ್ಲ, ಮೇಲಿನ ಕೊಳವೆಯಲ್ಲೋ ಓಣಿಯಲ್ಲೋ ಕೂತಿದೆ. ಅದನ್ನು ಹುಡುಕಿ ತೆಗೆಯದೆ ಹೊಸ ಚಕ್ರ ಹಾಕಿದರೆ ಇಂಜಿನ್ ಮತ್ತೆ ಕಾಯುತ್ತದೆ. ಇಂಜಿನ್ ಈಗಾಗಲೇ ವಿಪರೀತ ಕಾದಿದ್ದರೆ ಗಾಬರಿಯಲ್ಲಿ ತಣ್ಣೀರು ಬಿಡಬೇಡಿ. ತಾನಾಗಿ ಆರಲಿ. ಕಾದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಸೊಟ್ಟಗಾಗುವ, ಬಿರುಕು ಬಿಡುವ ಭಯ ಇದೆ.

ತೊಳೆದಾದ ಮೇಲೆ

ನೀರು ಪೂರ್ತಿ ಬಸಿಯುವವರೆಗೆ ಇಂಜಿನ್ ನೆಟ್ಟಗೇ ನಿಂತಿರಲಿ. ತಕ್ಷಣ ಹೆಗಲಿಗೇರಿಸಿ ಅಡ್ಡ ಮಲಗಿಸಿದರೆ ಒಳಗಿನ ನೀರು ಹೊಗೆಯ ದಾರಿಯಿಂದ ಹಿಂದಕ್ಕೆ ಹರಿದು ಸಿಲಿಂಡರ್ ಸೇರಬಹುದು. ಹೊರುವಾಗಲೂ ಇಂಜಿನ್ನಿನ ತಲೆ ಪ್ರೊಪೆಲ್ಲರ್‌ಗಿಂತ ಮೇಲಿರಬೇಕು. ಫೋರ್‌ಸ್ಟ್ರೋಕ್ ಆದರೆ ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ ಅದರ ಮೇಲೋ ಕೈಪಿಡಿಯಲ್ಲೋ ಗುರುತಿರುತ್ತದೆ, ಹಾಗೆ ಮಲಗಿಸದಿದ್ದರೆ ಇಂಜಿನ್ ಆಯಿಲ್ ಹೋಗಬಾರದ ಕಡೆ ಹೋಗುತ್ತದೆ.

ಹೊರಮೈಗೆ ಸಿಹಿನೀರು ಸುರಿದು ಒರೆಸಿ. ಮೇಲಿನ ಮುಚ್ಚಳ ತೆಗೆದು ಒಳಗೆ ಪೈಪಿನಿಂದ ಹೊಡೆಯಬಾರದು, ಅಲ್ಲಿ ಗಾಳಿ ಎಳೆಯುವ ಬಾಯಿ, ವೈರುಗಳು ಎಲ್ಲ ಇವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ತುಕ್ಕು ತಡೆಯುವ ಸ್ಪ್ರೇ ತೆಳುವಾಗಿ ಹೊಡೆದರೆ ಸಾಕು. ಪ್ರೊಪೆಲ್ಲರ್ ಹತ್ತಿರ ಬೋಲ್ಟ್ ಹಾಕಿ ಕೂರಿಸಿದ ಬೂದು ಬಣ್ಣದ ಲೋಹದ ತುಂಡನ್ನೂ ಒಮ್ಮೆ ನೋಡಿ. ಅದು ಆನೋಡ್, ಸಾಮಾನ್ಯವಾಗಿ ಸತುವಿನದು. ಇಂಜಿನ್ನಿನ ಬದಲು ತಾನು ಸವೆಯಲಿ ಅಂತಲೇ ಇಟ್ಟಿರುವುದು. ಅರ್ಧಕ್ಕೆ ಬಂದಿದ್ದರೆ ಬದಲಾಯಿಸಿ. ಚಂದ ಕಾಣಲಿ ಅಂತ ಅದಕ್ಕೂ ಬಣ್ಣ ಬಳಿಯುತ್ತಾರೆ ಕೆಲವರು. ಬಳಿದರೆ ಅದು ಕೆಲಸ ಮಾಡುವುದಿಲ್ಲ.

ಎಷ್ಟು ಸಲ ಫ್ಲಶ್ ಬೇಕು ಅಂದರೆ, ಉಪ್ಪುನೀರಿಗೆ ಇಳಿದ ಪ್ರತಿ ಸಲ, ಅದೇ ದಿನ. ದಿನಾ ಬೆಳಗ್ಗೆ ಕಡಲಿಗೆ ಹೋಗುವವರು ದಿನಾ ಡ್ರಮ್ ತುಂಬುವುದು ಕಷ್ಟ ಅಂತ ಗೊತ್ತು. ಮರುದಿನ ಮತ್ತೆ ಓಡುವ ಇಂಜಿನ್ನಿಗಿಂತ ಎರಡು ವಾರ ಮೂಲೆಯಲ್ಲಿ ಕೂರುವ ಇಂಜಿನ್ನಿಗೆ ಒಣ ಉಪ್ಪಿನ ಕಾಟ ಜಾಸ್ತಿ. ಹಾಗಾಗಿ ಗಾಳಿ ಜೋರಾಗಿ ನಾಲ್ಕು ದಿನ ದೋಣಿ ಇಳಿಸುವುದಿಲ್ಲ ಅಂತ ಗೊತ್ತಾದ ಸಂಜೆಯಾದರೂ ತಪ್ಪಿಸಬೇಡಿ. ಇನ್ನು ಇಂಜಿನ್ನೇ ಕಳಚಿ ಕಡಲಿಗೆ ಬಿದ್ದು ಮುಳುಗಿ ಎತ್ತಿದ್ದರೆ ಈ ಲೇಖನದ ಫ್ಲಶ್ ಅದಕ್ಕೆ ಸಾಲದು. ಆಗ ಸಿಲಿಂಡರಿನೊಳಗೇ ಉಪ್ಪುನೀರು ಹೋಗಿರುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡಲು ನೋಡಬೇಡಿ, ಸಿಹಿನೀರು ಸುರಿದು ತೊಳೆದು, ಅದೇ ದಿನ, ಸಾಧ್ಯವಾದರೆ ಕೆಲವೇ ಗಂಟೆಯೊಳಗೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.